ಲೈಬ್ರರಿ ಉಳಿಸೋಣ ಸರಿ, ಮೇಜು ಎಲ್ಲಿ?

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪೋದಿಲ್ಲ. ಒಂದು ಮಾವಿನಕಾಯಿ ಉಪ್ಪಿನಕಾಯಿ, ಇನ್ನೊಂದು ಆಸ್ತಿ ತೆರಿಗೆ. ಬೇಗ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತೆ ಅನ್ನೋ ಆಸೆಗೆ ನಮ್ಮನೆಯವರು ಕನ್ನಡಕ ಏರಿಸಿಕೊಂಡು ಕೂತುಬಿಡುತ್ತಾರೆ. ನಾನು ಹೋಳಿಗೆ ಉಪ್ಪು ಸವರುತ್ತಾ ಇದ್ದೆ, ಅವರು ಲೆಕ್ಕ ಓದುತ್ತಾ ಇದ್ದರು. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ನನ್ನ ಕೈ ನಿಂತಿತು.

"ಏನಂದ್ರಿ? ಲೈಬ್ರರಿಗೆ ನಾವು ದುಡ್ಡು ಕೊಡ್ತಾ ಇದೀವಾ?"

"1965ರ ಕಾಯ್ದೆ ಕಣೇ. ನಿಮ್ಮಪ್ಪನೂ ಕಟ್ಟಿದಾರೆ, ನಮ್ಮಪ್ಪನೂ ಕಟ್ಟಿದಾರೆ" ಅಂದರು.

ಲೆಕ್ಕ ಹಾಕಿ ನೋಡಿ. 4,000 ರೂಪಾಯಿ ತೆರಿಗೆ ಬರೋ ಮನೆ ಅಂದರೆ ವರ್ಷಕ್ಕೆ 240 ರೂಪಾಯಿ ಗ್ರಂಥಾಲಯಕ್ಕೆ. ದೊಡ್ಡ ಮೊತ್ತವಲ್ಲ, ಆದರೆ ಊರಿಗೆ ಊರೇ ಕಟ್ಟುವ ದುಡ್ಡು. ಅದು ಸೇರಬೇಕಾದ ಕಡೆ ಪೂರ್ತಿ ಸೇರಿಲ್ಲ ಅನ್ನೋ ದೂರು ಪತ್ರಿಕೆಗಳಲ್ಲಿ ಆಗಾಗ ಬರ್ತಾನೇ ಇರುತ್ತೆ, ಅದನ್ನು ಬಿಡಿ. ನನಗೆ ಹೊಳೆದದ್ದು ಬೇರೆ. ಆ ವಾರವೇ ನಮ್ಮ ರಸ್ತೆ ಕೊನೆಯ ವಾಚನಾಲಯದ ಬಗ್ಗೆ ಒಂದು ಮೀಟಿಂಗ್ ಇತ್ತು. ಹೋಗೋದೋ ಬೇಡವೋ ಅಂತಿದ್ದವಳು, ದುಡ್ಡು ಕೊಟ್ಟವಳ ಠೀವಿಯಲ್ಲಿ ಹೋಗಿ ಮೊದಲನೇ ಸಾಲಿನಲ್ಲಿ ಕೂತೆ! (ಆ ವಾಚನಾಲಯ ಸರ್ಕಾರದ್ದಲ್ಲ, ಒಂದು ಸಂಘದ್ದು, ನನ್ನ 240 ರೂಪಾಯಿಗೂ ಅದಕ್ಕೂ ಸಂಬಂಧವಿಲ್ಲ ಅಂತ ನಮ್ಮನೆಯವರು ಆಮೇಲೆ ನೆನಪಿಸಿದರು.)

ಹೆಸರು ಬೇಡ. ಚಾಮರಾಜಪೇಟೆಯವರಿಗೆ ಇಂಥ ಕಟ್ಟಡದ ಚಿತ್ರ ಕಣ್ಣಿಗೆ ಕಟ್ಟಿರುತ್ತೆ. ಮುಂದೊಂದು ಜಗಲಿ, ಒಳಗೆ ಎರಡು ಕೋಣೆ, ಮರದ ತೊಲೆ, ಮಂಗಳೂರು ಹೆಂಚು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಪೇಪರ್ ಓದೋ ಹಿರಿಯರು. ಹತ್ತು ಗಂಟೆಯಾದ ಮೇಲೆ ಬ್ಯಾಗ್ ಹೆಗಲಿಗೇರಿಸಿದ ಹುಡುಗ ಹುಡುಗಿಯರು. ಕೆಪಿಎಸ್‌ಸಿ, ಬ್ಯಾಂಕು, ಪೊಲೀಸ್ ಎಸ್‌ಐ, ಏನಾದರೊಂದು ಪರೀಕ್ಷೆ ಅವರಿಗೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಪಿಜಿಯಲ್ಲಿ ನಾಲ್ಕು ಜನ ಒಂದು ರೂಮಿನಲ್ಲಿರೋ ಮಕ್ಕಳು. ಅವರಿಗೆ ಬೇಕಾಗಿರೋದು ಲೈಬ್ರರಿಯ ಪುಸ್ತಕವೂ ಅಲ್ಲ. ಪುಸ್ತಕ ಅವರೇ ತರುತ್ತಾರೆ. ಬೇಕಾಗಿರೋದು ಒಂದು ಮೇಜು, ಒಂದು ಫ್ಯಾನು, ಯಾರೂ ಮಾತಾಡಿಸದ ಐದು ಗಂಟೆ.

ಮೀಟಿಂಗಿನಲ್ಲಿ ನಮ್ಮ ಬೀದಿಯದೇ ಹುಡುಗ, ಆರ್ಕಿಟೆಕ್ಟ್, ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸಿದ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಳೇ ಗೋಡೆ, ಹಳೇ ಹೆಂಚು ಹಾಗೇ. ಒಳಗೆ ಪೇಟೆಯ ಹಳೇ ಫೋಟೋಗಳು, ಮೂಲೆಯಲ್ಲಿ ಫಿಲ್ಟರ್ ಕಾಫಿ ಕೌಂಟರ್, ಹಿಂದಿನ ಕೋಣೆಯಲ್ಲಿ ಸಂಗೀತ, ಚಿತ್ರ ಪ್ರದರ್ಶನ. ಮೇಲೆ ಬೋರ್ಡು: ಪರಂಪರೆ ಕೇಂದ್ರ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಕೇಳಿದೆ: "ಮೇಜು ಎಲ್ಲಪ್ಪಾ?"

"ಆಂಟಿ, ಈಗ ಯಾರು ಕೂತು ಓದ್ತಾರೆ? ಎಲ್ಲಾ ಫೋನಲ್ಲೇ" ಅಂದ. ಹೊರಗೆ ಜಗಲಿಯಲ್ಲಿ ಒಂಬತ್ತು ಜನ ಓದ್ತಾ ಕೂತಿದ್ದರು. ಮೀಟಿಂಗ್ ಇದೆ ಅಂತ ನಾವೇ ಅವರನ್ನು ಒಳಗಿಂದ ಎಬ್ಬಿಸಿದ್ದು!

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಕಮಿಟಿಯಲ್ಲಿ ಏಣಿ ಹಾಕಿ ಹೆಂಚಿನ ಮೇಲೆ ಹತ್ತಿ ಎಲ್ಲೆಲ್ಲಿ ಸೋರುತ್ತೆ ಅಂತ ನೋಡಿದವನು ಅವನೊಬ್ಬನೇ. ಉಳಿದವರಲ್ಲಿ ಇಬ್ಬರು ಕಟ್ಟಡವನ್ನೇ ಕೆಡವಿ ಕೆಳಗೆ ಅಂಗಡಿ ಮಳಿಗೆ, ಮೇಲೆ ಕಲ್ಯಾಣ ಮಂಟಪ ಮಾಡೋಣ ಅಂದವರು. ಅವರಿಗಿಂತ ಇವನೇ ವಾಸಿ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಟ್ಟಡ ಉಳಿದು ಲೈಬ್ರರಿ ಹೋದರೆ ಏನು ಉಳಿಸಿದ ಹಾಗಾಯಿತು?

ಶನಿವಾರ ಬೆಳಗ್ಗೆ ಮೊಮ್ಮಗಳನ್ನು ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋದೆ. ನಮ್ಮಪ್ಪ ನನ್ನನ್ನು ಭಾನುವಾರಗಳಲ್ಲಿ ಕರೆದುಕೊಂಡು ಹೋಗುತ್ತಿದ್ದ ಕೆಂಪು ಕಟ್ಟಡ ನೋಡೋಣ ಅಂತ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ. ಕೆಂಪು ಗೋಡೆ, ಬಿಳಿ ಅಂಚು, ಮುಂದೆ ದೊಡ್ಡ ಕಂಬಗಳು. ಮುಂದುಗಡೆ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ. 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅದನ್ನು ಅನಾವರಣ ಮಾಡಿದ್ದು. ಭವನ 1915ರದ್ದು. ಅದೇ ವರ್ಷ ಇಲ್ಲೇ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿತು. ಎರಡಕ್ಕೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಪುಸ್ತಕಕ್ಕೆ ಒಳ್ಳೇ ವರ್ಷ ಅನ್ನಬೇಕು.

ನಮ್ಮ ಪೇಟೆಯವರಿಗೆ ಆ ಪ್ರತಿಮೆ ಹೊರಗಿನದಲ್ಲ. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾಗಿದ್ದದ್ದು 1883ರಿಂದ 1901ರವರೆಗೆ. ಚಾಮರಾಜಪೇಟೆ ಬಡಾವಣೆ 1892ರಲ್ಲಿ ಆದದ್ದು ಅವರ ಕಾಲದಲ್ಲಿ. 1898ರಲ್ಲಿ ಪ್ಲೇಗು ಬಂದು ಹಳೇ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಹೊರಟಾಗ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ ಆಗಲೇ. ಹೆಸರಘಟ್ಟದ ನೀರು ನಲ್ಲಿಗೆ ಬಂದದ್ದು, ಶಿವನಸಮುದ್ರದಲ್ಲಿ ವಿದ್ಯುತ್ ಕೆಲಸ ಶುರುವಾದದ್ದು ಎಲ್ಲಾ ಅವರ ಕಾಲದ ಲೆಕ್ಕಕ್ಕೇ. ನಮ್ಮ ಬೀದಿಗಳು ನೇರವಾಗಿ, ಅಗಲವಾಗಿ, ಹಿಂದೊಂದು ಕಿರುಗಲ್ಲಿ ಸಮೇತ ಇರೋದಕ್ಕೆ ಕಾರಣರಾದವರ ನೆನಪಿಗೆ ಆ ಕಾಲದವರು ಒಂದು ಭವನ ಕಟ್ಟಿದರು. ಭವನ ಬರೀ ನೆನಪಿನ ಭವನವಾಗಿ ಉಳಿಯಲಿಲ್ಲ, ಒಳಗೆ ಪುಸ್ತಕ ಇಟ್ಟರು, ಬಾಗಿಲು ತೆಗೆದರು. ಈಗ ನಾವು ಗ್ರಂಥಾಲಯವನ್ನು ಸ್ಮಾರಕ ಮಾಡಲು ಹೊರಟಿದ್ದೇವೆ, ನೂರು ವರ್ಷದ ಹಿಂದಿನವರು ಸ್ಮಾರಕವನ್ನು ಗ್ರಂಥಾಲಯ ಮಾಡಿದರು.

ಒಳಗೆ ಹೋದೆವು. ಅದೇ ಎತ್ತರದ ಛಾವಣಿ, ಅದೇ ತಂಪು. ಅಪ್ಪನ ಕಾಲದ ಹಾಗೆ ಪೇಪರ್ ಮುಂದೆ ಹಿರಿಯರು, ಗೈಡು ತೆರೆದ ಹುಡುಗರು. ಕಣ್ಣು ಕಾಣದವರಿಗೆ ಬ್ರೈಲ್ ಪುಸ್ತಕಗಳ ವಿಭಾಗವೂ ಅಲ್ಲಿದೆ. ಜಾಗ ಸಾಲದೆ ಬಂದಾಗ ಹಳೇದನ್ನು ಕೆಡವದೆ ಹಿಂದುಗಡೆ ಅದೇ ಹೋಲಿಕೆಯಲ್ಲಿ ವಿಸ್ತರಿಸಿದರು. ಹಳೇ ಕಟ್ಟಡ ತನ್ನ ಕೆಲಸ ತಾನು ಮಾಡಿಕೊಂಡಿದೆ. ಮೊಮ್ಮಗಳು ಪಿಸುದನಿಯಲ್ಲಿ, "ಅಜ್ಜೀ, ಇಲ್ಲಿ ಯಾಕೆ ಎಲ್ಲರೂ ಸುಮ್ಮನಿದಾರೆ?" ಅಂದಳು. ಅವಳ ಶಾಲೆಯಲ್ಲಿ ಲೈಬ್ರರಿ ಪೀರಿಯಡ್ ಅಂದರೆ ಗಲಾಟೆ ಪೀರಿಯಡ್ ಅಂತೆ.

ಅಲ್ಲಿಂದ ಹೊರಗೆ ಬಂದು ನೃಪತುಂಗ ರಸ್ತೆಗೆ ನಡೆದೆವು, ಮಿಥಿಕ್ ಸೊಸೈಟಿ ಕಡೆ. ಈ ಜಾಗದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೀಟಿಂಗಿನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲೇ.

1909ರಲ್ಲಿ ಫಾದರ್ ಟಬಾರ್ಡ್ ಮತ್ತಿತರರು ಕೂಡಿ ಶುರು ಮಾಡಿದ ಸಂಸ್ಥೆ. ಅವರ ತ್ರೈಮಾಸಿಕ ಪತ್ರಿಕೆಯೂ ಆ ಕಾಲದ್ದೇ. 1917ರಲ್ಲಿ ಡೇಲಿ ಸ್ಮಾರಕ ಭವನ ಆಯಿತು. ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಹ್ಯೂ ಡೇಲಿ ಹೆಸರಿನದು. ನೂರು ವರ್ಷ ದಾಟಿದ ಭವನ, ಒಳಗೆ ಗ್ರಂಥಾಲಯ. ಇಷ್ಟೇ ಆಗಿದ್ದರೆ ಇನ್ನೊಂದು ಹಳೇ ಕಟ್ಟಡ ಅಂತ ದಾಟಿಬಿಡುತ್ತಿದ್ದೆ. ಆದರೆ ಅವರು 2021ರಿಂದ ಮಾಡುತ್ತಿರೋ ಕೆಲಸ ನೋಡಿ. ಬೆಂಗಳೂರು ಸುತ್ತಮುತ್ತಲ ಶಿಲಾಶಾಸನಗಳನ್ನು ಹುಡುಕಿ, ಒಂದೊಂದನ್ನೂ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಾಡೋ ಕೆಲಸ. ಶುರು ಎಲ್ಲಿಂದ? ಪುಸ್ತಕದಿಂದ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, 1905ರದ್ದು, ಬೆಂಗಳೂರು ಜಿಲ್ಲೆಯದು. ಇಂಥ ಊರು, ಇಂಥ ಹೊಲ, ಇಂಥ ಗುಡಿಯ ಪಕ್ಕ ಒಂದು ಕಲ್ಲು ಅಂತ ರೈಸ್ ಬರೆದಿಟ್ಟಿದ್ದಾರೆ. ಆ ಹೊಲ ಈಗ ಅಪಾರ್ಟ್‌ಮೆಂಟು, ಆ ಕೆರೆ ಈಗ ಬಸ್ ಸ್ಟ್ಯಾಂಡು. ಕಲ್ಲು ಇದೆಯಾ? ಹೋಗಿ ನೋಡಿದರೆ ತಾನೇ ಗೊತ್ತಾಗೋದು! ಕೆಲವು ಕಲ್ಲು ಚರಂಡಿಗೆ ಚಪ್ಪಡಿ, ಕೆಲವು ಬಟ್ಟೆ ಒಗೆಯೋಕೆ, ಕೆಲವು ಮಣ್ಣಿನ ಕೆಳಗೆ, ಕೆಲವು ಇಲ್ಲವೇ ಇಲ್ಲ.

ಬೇಗೂರಿನ ವೀರಗಲ್ಲು ನಿಮಗೆ ಗೊತ್ತಿರಬಹುದು, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರು ಅನ್ನೋ ಹೆಸರೇ ಅದರಲ್ಲಿದೆ. ಬೇಯಿಸಿದ ಕಾಳಿನ ಕತೆ ಹೇಳಿ ಮಕ್ಕಳನ್ನು ನಂಬಿಸಿದವರು ಒಮ್ಮೆ ಹೋಗಿ ನೋಡಬೇಕು. ಹೆಬ್ಬಾಳದ ಕಿತ್ತಯ್ಯನ ಶಾಸನ ಇನ್ನೂ ಹಳೇದು, ಸುಮಾರು ಕ್ರಿ.ಶ. 750. ಅದು ಕಣ್ಣಿಗೆ ಬಿದ್ದದ್ದು 2018ರಲ್ಲಿ. ನಾನು ಆ ಕಲ್ಲಿನ ಮುಂದೆ ನಿಂತಾಗ ಪಕ್ಕದಲ್ಲಿ ಆಟೋದವರೊಬ್ಬರು, "ಇದು ನಮ್ಮೂರಿಂದು ಅಮ್ಮಾ, 1,200 ವರ್ಷದ್ದು" ಅಂತ ನನಗೇ ಪಾಠ ಹೇಳಿದರು. ಆ 'ನಮ್ಮೂರಿಂದು' ಅನ್ನೋ ಮಾತಿಗೆ ಎಷ್ಟು ಬೋರ್ಡು ಬರೆಸಿದರೂ ಸಮ ಬರುತ್ತಾ ಹೇಳಿ.

ಅಂದರೆ ಕಪಾಟಿನಲ್ಲಿದ್ದ ಒಂದು ಪುಸ್ತಕ ಜನರನ್ನು ಬೀದಿಗೆ ಕಳಿಸಿತು, ಬೀದಿಯ ಕಲ್ಲು ತಿರುಗಿ ಆ ಹಳೇ ಭವನಕ್ಕೆ ಬಂತು. ಗೋಡೆಗೆ ಫೋಟೋ ನೇತುಹಾಕಿ, ಕಪಾಟು ಖಾಲಿ ಮಾಡಿ ಪರಂಪರೆ ಕೇಂದ್ರ ಅಂದಿದ್ದರೆ ಇದು ಆಗುತ್ತಿತ್ತಾ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ತಾಳೆಗರಿ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ, 1909ರಲ್ಲಿ ಅಚ್ಚಾಯಿತು. ಆ ಕಟ್ಟನ್ನೂ ಯಾರೋ 'ಈಗ ಯಾರು ಓದ್ತಾರೆ' ಅಂತ ಆಚೆ ಹಾಕಿದ್ದರೆ!

ವಸ್ತುಸಂಗ್ರಹಾಲಯ ಬೇಡ ಅಂತಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೆಡವಲು ಶುರುವಾಗಿದ್ದನ್ನು 2011ರಲ್ಲಿ ತಡೆದು, ದುರಸ್ತಿ ಮಾಡಿ, 2016ರಲ್ಲಿ ಜನಕ್ಕೆ ತೆರೆದರು. ಆ ಅರ್ಧ ವರ್ತುಲದ ಕಿಟಕಿ ಸಾಲು ನೋಡಿ ನಾನೂ ಖುಷಿಪಟ್ಟಿದ್ದೇನೆ. ಅದು ಮೊದಲೂ ಒಬ್ಬರ ಮನೆ, ಈಗಲೂ ಅವರ ಮನೆ. ನಾವು ನೆಂಟರ ಹಾಗೆ ಹೋಗಿ ನೋಡಿ ಬರ್ತೀವಿ. ಒಮ್ಮೆ ನೋಡಿದರೆ ಸಾಕು. ವಾಚನಾಲಯಕ್ಕೆ ಮಾತ್ರ ಜನ ನಾಳೆಯೂ ಬರ್ತಾರೆ, ನಾಡಿದ್ದೂ ಬರ್ತಾರೆ.

ಎರಡನ್ನೂ ಒಟ್ಟಿಗೆ ನಡೆಸೋದು ಹೇಗೆ ಅಂತ ದೂರ ಹೋಗಿ ಕಲೀಬೇಕಾಗಿಯೂ ಇಲ್ಲ. ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ದಂಪತಿ 1945ರಲ್ಲಿ ಶುರು ಮಾಡಿದ ಸಂಸ್ಥೆ ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಅದೇ 1945ರಲ್ಲಿ ಡಿ.ವಿ.ಜಿ. ಶುರು ಮಾಡಿದ್ದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಎರಡರಲ್ಲೂ ಗ್ರಂಥಾಲಯ ಇದೆ, ಎರಡರಲ್ಲೂ ಉಪನ್ಯಾಸ ನಡೆಯುತ್ತೆ. ಓದೋ ಜಾಗವನ್ನು ಎಬ್ಬಿಸಿ ಅಲ್ಲ, ಅದರ ಜೊತೆಗೇ.

ಇನ್ನು ಗೋಡೆ ವಿಷಯ. ಇದರಲ್ಲಿ ನಾನು ಅನುಭವಸ್ಥೆ, ಯಾಕಂದ್ರೆ ತಪ್ಪು ಮಾಡಿದವಳು. ನಮ್ಮ ಮನೆ ಮಾವನವರ ತಂದೆ ಕಟ್ಟಿಸಿದ್ದು, ಇಟ್ಟಿಗೆ ಮತ್ತು ಗಾರೆ. ಹದಿನೈದು ವರ್ಷದ ಹಿಂದೆ ಹಾಲ್ ಗೋಡೆ ಉದುರುತ್ತೆ ಅಂತ ಗಟ್ಟಿಯಾಗಿರಲಿ ಅಂದುಕೊಂಡು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ಮೇಲೆ ಹೊಳೆಯೋ ಪೇಂಟು. ಗೃಹಪ್ರವೇಶದಷ್ಟೇ ಸಂಭ್ರಮ. ಎರಡು ಮಳೆಗಾಲ ಕಳೆಯಿತು. ಮೊಣಕಾಲೆತ್ತರದಲ್ಲಿ ಗುಳ್ಳೆ ಎದ್ದವು, ಆಮೇಲೆ ಬಿಳೀ ಪುಡಿ, ಆಮೇಲೆ ಕಾವಲಿಯಿಂದ ದೋಸೆ ಎದ್ದ ಹಾಗೆ ಪ್ಲಾಸ್ಟರೇ ಎದ್ದು ಬಂತು. ವಯಸ್ಸಾದ ಮೇಸ್ತ್ರಿಯೊಬ್ಬರು ಬಂದು ಗೋಡೆಗೆ ಕೈಯಿಟ್ಟು, "ಅಮ್ಮಾ, ಗೋಡೆ ಮೂಗು ಮುಚ್ಚಿಬಿಟ್ಟಿದೀರಿ" ಅಂದರು.

ವಿಷಯ ಇಷ್ಟು. ಹಳೇ ಕಟ್ಟಡಕ್ಕೆ ತಳದಲ್ಲಿ ತೇವ ತಡೆಯೋ ಪದರ ಇರೋದು ಅಪರೂಪ. ನೆಲದ ತೇವ ಗೋಡೆಗೆ ಏರುತ್ತೆ. ಸುಣ್ಣದ ಗಾರೆ ಮೆತ್ತಗೆ, ಅದರೊಳಗಿಂದ ತೇವ ಆವಿಯಾಗಿ ಹೊರಟುಹೋಗುತ್ತೆ. ಸಿಮೆಂಟು ಮುಚ್ಚಿದರೆ ತೇವ ಹೊರಗೆ ಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತೆ, ಜೊತೆಗೆ ಉಪ್ಪನ್ನೂ ಒಯ್ಯುತ್ತೆ. ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ತಿನ್ನುತ್ತೆ. ಸಿಮೆಂಟು ಕೆಟ್ಟದ್ದಲ್ಲ, ಆ ಗೋಡೆಗೆ ಅದು ಆಗೋದಿಲ್ಲ ಅಷ್ಟೇ. ಗಾರೆ ಕೆಲಸದವರು ಅಂತ ಈಗಲೂ ಅಂತೀವಿ, ಗಾರೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದು, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಹದ ಮಾಡೋ ಕೆಲಸ ಅದು. ಉಪ್ಪಿನಕಾಯಿಗಿಂತ ಹೆಚ್ಚು ತಾಳ್ಮೆ ಬೇಕು.

ಮನೆಯಲ್ಲಾದರೆ ಗೋಡೆ ಕೆಟ್ಟರೆ ಸೋಫಾ ಅಡ್ಡ ಇಡಬಹುದು, ನಾವು ಇಟ್ಟಿದ್ವಿ ಕೂಡ. ಲೈಬ್ರರಿಯಲ್ಲಿ ಆ ಗೋಡೆಗೆ ಕಪಾಟು ಆನಿಸಿರುತ್ತಾರೆ. ತೇವ ಮೊದಲು ಹಿಡಿಯೋದು ಕಟ್ಟಕಡೆಯ ಸಾಲಿನ ಪುಸ್ತಕವನ್ನು. ಅಲ್ಲಿ ಬೂಷ್ಟು, ಬೂಷ್ಟಿನ ಹಿಂದೆ ಬೆಳ್ಳಿಹುಳ, ಅದರ ಹಿಂದೆ ಗೆದ್ದಲು. ಆದ್ದರಿಂದ ನಮ್ಮ ಕಮಿಟಿಗೆ ನಾನು ಹೇಳಿದ್ದು: ಮೊದಲ ರೂಪಾಯಿ ಹೆಂಚಿಗೆ ಮತ್ತು ಮಳೆನೀರಿನ ದೋಣಿಗೆ, ಎರಡನೇದು ಗೋಡೆ ಬುಡಕ್ಕೆ, ಮೂರನೇದು ಹಳೇ ವೈರಿಂಗಿಗೆ. ಕಾಗದ ತುಂಬಿದ, ಮರದ ಮಾಡಿನ ಕಟ್ಟಡಕ್ಕೆ ಒಂದು ಕಿಡಿ ಸಾಕು. ಕಪಾಟು ಗೋಡೆಯಿಂದ ಒಂದು ಗೇಣು ಈಚೆ. ಆಮೇಲೆ ಹೆಂಗಸರಿಗೆ ಒಂದು ಶೌಚಾಲಯ, ಜಗಲಿಗೆ ಒಂದು ಇಳಿಜಾರು. ಇವೆರಡು ಇಲ್ಲದ ಪರಂಪರೆ ಗಟ್ಟಿಮುಟ್ಟಾದ ಗಂಡಸರಿಗೆ ಮಾತ್ರ ಅಂತಾಗುತ್ತೆ. ಕಾಫಿ ಕೌಂಟರು ಕೊನೆಗೆ. ಎದುರಿಗೇ ಒಳ್ಳೇ ಹೋಟೆಲ್ ಇದೆ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?

ಆರ್ಕಿಟೆಕ್ಟ್ ಹುಡುಗ ಮನೆಗೆ ಬಂದ, ಮುಖ ಸ್ವಲ್ಪ ದಪ್ಪಗೇ ಇತ್ತು. "ಆಂಟಿ, ನೀವು ಹೇಳೋ ಹಾಗೆ ಮಾಡಿದ್ರೆ ಫೋಟೋ, ಪ್ರದರ್ಶನ ಯಾವುದೂ ಬೇಡ್ವಾ? ದುಡ್ಡು ಕೊಡೋರು ಏನಾದ್ರೂ ಹೊಸದು ಕೇಳ್ತಾರೆ" ಅಂದ. ಅದು ನಿಜವೇ. ಹೆಂಚು ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸೋದಿಲ್ಲ. ಒಳಗೆ ಹೋಗಿ ನಮ್ಮತ್ತೆಯ ಟ್ರಂಕ್ ತಂದು ಅವನ ಮುಂದೆ ತೆಗೆದೆ. ಮಾವನವರ ಲಗ್ನಪತ್ರಿಕೆ, ಅತ್ತೆಯ ಲೋಯರ್ ಸೆಕೆಂಡರಿ ಸರ್ಟಿಫಿಕೇಟು, ರೇಷನ್ ಕಾರ್ಡು, ಐದಂಕಿಯ ಫೋನ್ ನಂಬರ್ ಬರೆದ ಡೈರಿ, ರಾಮನವಮಿ ಕಚೇರಿಯ ಕರಪತ್ರ. ಹುಡುಗ ನೆಲದ ಮೇಲೆ ಕೂತ, ಒಂದು ಗಂಟೆ ಏಳಲಿಲ್ಲ. ಲಗ್ನಪತ್ರಿಕೆಯಲ್ಲಿ ಛತ್ರದ ಬದಲು ಮನೆಯ ವಿಳಾಸ ಇತ್ತು, ಮದುವೆ ನಾಲ್ಕು ದಿನದ್ದು, ರಸ್ತೆಗೇ ಚಪ್ಪರ. "ಇಂಥದ್ದು ಪ್ರತಿ ಮನೇಲೂ ಇರುತ್ತಾ?" ಅಂದ.

ಇರುತ್ತೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋ ಮುಂಚಿನ ವಾರ ರದ್ದಿಗೆ ಹೋಗುತ್ತೆ, ಕಿಲೋ ಲೆಕ್ಕದಲ್ಲಿ. ತಿಂಗಳಿಗೊಂದು ಶನಿವಾರ ಸಾಯಂಕಾಲ, ಓದೋ ಮಕ್ಕಳು ಎದ್ದ ಮೇಲೆ, ಅದೇ ಮೇಜಿನ ಮೇಲೆ ಒಂದು ಸ್ಕ್ಯಾನರ್ ಇಟ್ಟರೆ ಸಾಕು. ಕಾಗದ ತಂದವರು ಕಾಗದ ವಾಪಸ್ ತಗೊಂಡು ಹೋಗಲಿ, ಪ್ರತಿ ಇಲ್ಲಿರಲಿ. ಹಿರಿಯರು ಪೇಪರ್ ಓದೋದು ಬಿಟ್ಟು ಫೋಟೋದಲ್ಲಿರೋದು ಯಾರು ಅಂತ ಜಗಳ ಆಡಲಿ. ಅವನ ಪ್ರದರ್ಶನಕ್ಕೂ ಸಾಮಾನು ಅಲ್ಲೇ ಸಿಗುತ್ತೆ.

ಎರಡನೇ ಮೀಟಿಂಗಿಗೆ ಅವನೇ ಹೊಸ ಚಿತ್ರ ತಂದ. ಮುಂದಿನ ಕೋಣೆಯಲ್ಲಿ ಮೇಜುಗಳು ಬಂದಿದ್ದವು, ಹನ್ನೆರಡು ಕುರ್ಚಿ. ನಾನು ಹದಿನಾರು ಅಂದೆ, ಹದಿನಾಲ್ಕಕ್ಕೆ ಒಪ್ಪಂದವಾಯಿತು. ಮಳಿಗೆ ಕಟ್ಟೋಣ ಅಂದವರಿಬ್ಬರು ಇನ್ನೂ ಮುನಿಸಿಕೊಂಡೇ ಇದ್ದಾರೆ. ದುಡ್ಡು ಅರ್ಧ ಕೂಡ ಕೂಡಿಲ್ಲ. ಮಳೆಗಾಲದ ಒಳಗೆ ಹೆಂಚಾದರೂ ಆದರೆ ಪುಣ್ಯ. ಯಾದಗಿರಿಯ ಹುಡುಗಿಯೊಬ್ಬಳು, "ಅಮ್ಮಾರೀ, ಕೆಲಸ ನಡ್ಯೋ ಮುಂದ ನಾವು ಎಲ್ಲಿ ಕೂಡೂದ್ರಿ?" ಅಂತ ಕೇಳಿದಳು. ಅದನ್ನು ಮಾತ್ರ ನಾವ್ಯಾರೂ ಯೋಚಿಸಿರಲಿಲ್ಲ. ಸದ್ಯಕ್ಕೆ ನಮ್ಮ ಹಾಲಿನಲ್ಲಿ ಐದು ಜನ, ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ. ನಮ್ಮನೆಯವರು ಟೀವಿ ಸೌಂಡ್ ಕಮ್ಮಿ ಮಾಡಿಕೊಂಡು ಕ್ರಿಕೆಟ್ ನೋಡೋದು ಕಲಿತಿದ್ದಾರೆ.

ಗೋಡೆಗೆ ಕೈಯಿಟ್ಟು ಹೇಳಿದ ಆ ಮೇಸ್ತ್ರಿಯವರೇ ಬರ್ತೀನಿ ಅಂದಿದ್ದಾರೆ. ಸುಣ್ಣ ನೆನೆಹಾಕೋಕೆ ಗುಂಡಿ ತೋಡಬೇಕು, ಜಾಗ ಎಲ್ಲಿ ಅಂದರು. ನಮ್ಮ ಹಿತ್ತಲು ತೋರಿಸಿದ್ದೇನೆ. ಕರಿಬೇವಿನ ಗಿಡದ ತಂಟೆಗೆ ಮಾತ್ರ ಬರಬೇಡಿ ಅಂತ ಹೇಳಿದ್ದೇನೆ.